ಆಯ್ಕೆಯ ಕೊಡಲಿ: ನೇತ್ರಾವತಿ ಸೀಮೆಯ ಕಾಡಿನ ಚರಿತ್ರೆ

ಊರುಗಳ ಹೆಸರಿನಲ್ಲಿ ನಾಡಿನ ಚರಿತ್ರೆ ಅಡಗಿರುತ್ತದೆಂಬುದು ವಿದ್ವಾಂಸರು ಒಪ್ಪಿದ ಮಾತು. ದಕ್ಷಿಣ ಕನ್ನಡ ಜಿಲ್ಲೆಯ ಮೂಡುಬಿದಿರೆ ಇದಕ್ಕೆ ಉತ್ತಮ ನಿದರ್ಶನ. ಮೂಡು ಎಂದರೆ ಪೂರ್ವ ದಿಕ್ಕು. ಬಿದಿರೆ ಎಂದರೆ ಬಿದಿರಿನ ನೆಲೆ. ದಟ್ಟವಾದ ಬಿದಿರ ಮೆಳೆಯೊಳಗೆ ಹುಲಿಯೂ ಹಸುವೂ ವೈರವನ್ನು ಮರೆತು ಕೂಡಿ ಆಡುತ್ತಿದ್ದುದನ್ನು ಜೈನ ಮುನಿಯೊಬ್ಬರು ಕಂಡರೆಂದೂ, ಅಲ್ಲಿ ಅಗೆಯಲಾಗಿ ಪಾರ್ಶ್ವನಾಥ ತೀರ್ಥಂಕರರ ಬಿಂಬ ದೊರೆಯಿತೆಂದೂ ಐತಿಹ್ಯವಿದೆ. ಇಂದು ಆ ಪೇಟೆಯ ನಡುವೆ ನಿಂತವನಿಗೆ ಹುಲಿಯಂತಿರಲಿ, ಬಿದಿರ ಮೆಳೆಯೂ ಕಾಣಸಿಗದು. ಹೆಸರು ಮಾತ್ರ ಉಳಿದಿದೆ.

ಅದೇ ಊರಿನ ಸಾವಿರ ಕಂಬದ ಬಸದಿ 1430ರಲ್ಲಿ ನಿರ್ಮಿತವಾದುದು. ಅದರ ಕೆಳಭಾಗ ಶಿಲಾಮಯವಾಗಿದ್ದರೆ, ಮೇಲಣ ಅಂತಸ್ತಿನಲ್ಲಿ ಮರದ ಕೆಲಸ ಮೆರೆಯುತ್ತದೆ. ಚೌಟರ ಅರಮನೆಯ ನವನಾರೀಕುಂಜರ, ಪಂಚನಾರೀತುರಗಗಳನ್ನು ಶಿಲ್ಪಿಗಳು ಕೊರೆದುದೂ ಮರದ ಕಂಬಗಳಲ್ಲಿಯೇ. ಆದುದರಿಂದ ಮರ ಕಡಿಯುವ ಕೆಲಸ ತುಳುನಾಡಿಗೆ ನಿನ್ನೆ ಮೊನ್ನೆ ಬಂದುದಲ್ಲ. ಮನೆಗೆ, ನೇಗಿಲಿಗೆ, ದೋಣಿಗೆ, ದೇವಾಲಯಕ್ಕೆ ಇಲ್ಲಿಯ ಜನ ಶತಮಾನಗಳ ಕಾಲ ಮರ ಕಡಿದರು. ಆದರೂ ಕಾಡು ಉಳಿದುಬಂತು. ಅನಂತರದ ಒಂದೂವರೆ ಶತಮಾನದೊಳಗೆ ಅದೇ ಕಾಡು ಸೊರಗಿತು. ಕೊಡಲಿ ಹಿಂದೆಯೂ ಇತ್ತು, ಅನಂತರವೂ ಇತ್ತು. ವ್ಯತ್ಯಾಸವಾದುದು ಯಾವುದರಲ್ಲಿ? ಯಾವ ಮರವನ್ನು, ಯಾರು, ಯಾವ ಉದ್ದೇಶಕ್ಕಾಗಿ ಆಯ್ದರು ಎಂಬುದರಲ್ಲಿ. ಆ ಆಯ್ಕೆಯ ಚರಿತ್ರೆಯನ್ನು ಭಕ್ತರ ಮುಂದೆ ಸಂಗ್ರಹವಾಗಿ ಇರಿಸುವುದೇ ಈ ಲೇಖನದ ಉದ್ದೇಶ.

ನಾಡಿನ ಲಕ್ಷಣ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳು ಒಂದೇ ಇಳಿಜಾರಿನ ಮೂರು ಮೆಟ್ಟಿಲುಗಳಂತಿವೆ. ಬೆಳ್ತಂಗಡಿಯ ಪೂರ್ವಕ್ಕೆ ಸಹ್ಯಾದ್ರಿಯು ಗೋಡೆಯಂತೆ ಎದ್ದು ನಿಂತಿದೆ. ಚಾರ್ಮಾಡಿ, ಶಿಶಿಲಗಳು ಆ ಗೋಡೆಯ ಬುಡದಲ್ಲಿವೆ. ಕುದುರೆಮುಖದ ಸೆರಗಿನಲ್ಲಿ ಹುಟ್ಟಿದ ನೇತ್ರಾವತಿಯು ಧರ್ಮಸ್ಥಳವನ್ನು ಹಾದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳವನ್ನು ಬಳಸಿ ಮಂಗಳೂರಿನಲ್ಲಿ ಕಡಲನ್ನು ಸೇರುತ್ತದೆ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಬಿಡುತ್ತದೆ. ಉಳಿದ ಎಂಟು ತಿಂಗಳು ಹೊಳೆಯಲ್ಲಿ ನೀರು ಹರಿಯಬೇಕಾದರೆ ಘಟ್ಟದ ನೆಲ ಆ ಮಳೆಯನ್ನು ಕುಡಿದು ಇಟ್ಟುಕೊಂಡಿರಬೇಕು.

ಘಟ್ಟದ ಮಗ್ಗುಲಲ್ಲಿ ನಿತ್ಯಹರಿದ್ವರ್ಣದ ಕಾಡಿದೆ. ಧೂಪ, ಬೋಗಿ, ಹೆಬ್ಬಲಸು, ನಾಗಸಂಪಿಗೆ, ರಾಮಪತ್ರೆ, ಉಪ್ಪಾಗೆ ಮೊದಲಾದವು ಅಲ್ಲಿಯ ಮರಗಳು. ಪಶ್ಚಿಮಕ್ಕೆ ಸರಿದು ಬಂಟ್ವಾಳ, ಮೂಡುಬಿದಿರೆಗಳ ಮುರಕಲ್ಲಿನ ಗುಡ್ಡಗಳಿಗೆ ಬಂದಂತೆ ಮತ್ತಿ, ಜಂಬೆ, ಹೊನ್ನೆ, ಬೀಟೆಗಳು ಹೆಚ್ಚುತ್ತವೆ. ಬಂಟ್ವಾಳ ತಾಲೂಕಿನ ಕಾರಿಂಜೇಶ್ವರನ ಬಂಡೆಯನ್ನೇರಿ ನೋಡುವ ಭಕ್ತನಿಗೆ ಕಾಣುವುದು ಹಸುರು. ಆದರೆ ಹಸುರೆಲ್ಲವೂ ಕಾಡಲ್ಲ, ಕಾಡೆಲ್ಲವೂ ಆರೋಗ್ಯವಂತವಲ್ಲ. ಇದನ್ನು ಮುಂದೆ ವಿವರಿಸುತ್ತೇವೆ.

ಹಿಂದಿನ ಬಳಕೆ

ವೀರಶೈವ ಅರಸರಾದ ಕೆಳದಿಯ ನಾಯಕರು ಈ ಕರಾವಳಿಯನ್ನು ತಮ್ಮ ಆಳ್ವಿಕೆಗೆ ತಂದುಕೊಂಡಿದ್ದರು. ಇಲ್ಲಿಯೂ ಮಠಗಳಿಗೆ ಆಶ್ರಯವಿತ್ತರು. ಶಿವಪ್ಪನಾಯಕನ ಶಿಸ್ತು ಭೂಕಂದಾಯಕ್ಕೆ ಪ್ರಸಿದ್ಧವಾದುದು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಗುವವರೆಗೂ ಈ ಸಂಬಂಧ ಉಳಿದಿತ್ತು. ಆ ಕಾಲದ ಕೃಷಿಯಲ್ಲಿ ಗದ್ದೆಗೂ ಗುಡ್ಡಕ್ಕೂ ಬಿಡಿಸಲಾರದ ನಂಟು. ಗದ್ದೆಯ, ಅಡಿಕೆ ತೋಟದ ಗೊಬ್ಬರಕ್ಕೆ ಸೊಪ್ಪು ಬರಬೇಕಾದುದು ಪಕ್ಕದ ಗುಡ್ಡದಿಂದ. ಸಾಗುವಳಿ ಭೂಮಿಯ ಅಂಚಿನಿಂದ 100 ಗಜದವರೆಗಿನ ನೆಲದಲ್ಲಿ ಸೊಪ್ಪು, ಸೌದೆ, ಮೇವುಗಳನ್ನು ಪಡೆಯುವ ಒಕ್ಕಲಿನ ಸೌಲಭ್ಯವನ್ನು ಕುಮ್ಕಿ ಎಂದು ಕರೆದರು. ಆ ಹೆಸರು ಇಂದಿಗೂ ಕಂದಾಯದ ಕಾಗದಗಳಲ್ಲಿ ಜೀವಂತವಾಗಿದೆ. ಸೊಪ್ಪಿಗೆ ಬೇಕಾದುದು ಕೊಂಬೆ, ಕಾಂಡವಲ್ಲ. ಕೊಂಬೆ ಕೊಟ್ಟ ಮರ ಮರುವರ್ಷವೂ ನಿಂತಿರಬೇಕೆಂಬುದು ಒಕ್ಕಲಿನ ಸ್ವಾರ್ಥವೇ ಆಗಿತ್ತು.

ಘಟ್ಟದ ಬುಡದ ಮಲೆಕುಡಿಯರು, ಮೂಡುಬಿದಿರೆ ಕಡೆಯ ಕುಡುಬಿಯರು ಕುಮರಿ ಬೇಸಾಯ ಮಾಡಿಕೊಂಡಿದ್ದರು. ಕಾಡಿನ ಒಂದು ತುಂಡನ್ನು ಕಡಿದು, ಸುಟ್ಟು, ಒಂದೆರಡು ಬೆಳೆ ತೆಗೆದು, ಅದನ್ನು ಹಲವು ವರ್ಷ ಹಾಳುಬಿಟ್ಟು ಬೇರೆಡೆಗೆ ಹೋಗುವುದು ಅದರ ರೀತಿ. ಇದರಿಂದ ಕಾಡಿಗೆ ಏಟೇ ಬೀಳಲಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರ. ಆದರೆ ಜನ ವಿರಳವಾಗಿದ್ದಾಗ ಆ ಗಾಯ ಮಾಯಲು ಅವಕಾಶವಿತ್ತು. ಇವೆಲ್ಲಕ್ಕೂ ಹೊರತಾಗಿ ನಾಗಬನಗಳು, ದೈವದ ಬನಗಳು ಇದ್ದವು. ಅಲ್ಲಿ ಒಣಗಿದ ಕಡ್ಡಿಯನ್ನು ಒಯ್ಯಲೂ ಜನ ಅಂಜುತ್ತಿದ್ದರು. ಊರಿನ ಹಿರಿಯ ಮರಗಳು ಹೀಗೆ ಬೀಜದ ಕಣಜಗಳಾಗಿ ಉಳಿದವು.

ಕಂಪನಿ ಸರ್ಕಾರದ ಕಣ್ಣು

1799ರಲ್ಲಿ ಟಿಪ್ಪುವಿನ ಪತನದೊಡನೆ ಕೆನರಾ ಪ್ರಾಂತ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾದನು. ಅನತಿ ಕಾಲದಲ್ಲಿಯೇ, 1801ರ ಆರಂಭದಲ್ಲಿ, ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆದ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಸಂಚರಿಸಿದನು. ಟಿಪ್ಪು 1794ರಲ್ಲಿ ಕಟ್ಟಿಸಿದ ಜಮಾಲಾಬಾದಿನ ಕೋಟೆ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳು ಅವನ ಪ್ರವಾಸ ಕಥನದಲ್ಲಿ ಬರುತ್ತವೆ. 1807ರಲ್ಲಿ ಅಚ್ಚಾದ ಆ ಗ್ರಂಥ ನೆಲ, ಬೆಳೆ, ಮರ, ತೆರಿಗೆಗಳ ಪಟ್ಟಿಯಂತಿದೆ. ಹೊಸದಾಗಿ ಕೊಂಡ ಆಸ್ತಿಯಲ್ಲಿ ಏನೇನಿದೆಯೆಂದು ಎಣಿಸುವ ಒಡೆಯನ ದೃಷ್ಟಿ ಅದು.

ಆ ದೃಷ್ಟಿ ಮೊದಲು ಬಿದ್ದುದು ತೇಗದ ಮೇಲೆ. ಮುಂಬಯಿಯ ಹಡಗುಕಟ್ಟೆಗೆ ತೇಗ ಬೇಕಾಗಿತ್ತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಮಲಬಾರ್ ಮತ್ತು ಕೆನರಾ ಕಾಡುಗಳ ಸಂರಕ್ಷಣಾಧಿಕಾರಿಯನ್ನಾಗಿ ನೇಮಿಸಲಾಯಿತು. ಹೆಸರು ಸಂರಕ್ಷಣೆ, ಕೆಲಸ ತೇಗದ ಏಕಸ್ವಾಮ್ಯ. ಜನರಿಂದಲೂ ವರ್ತಕರಿಂದಲೂ ಅಸಮಾಧಾನ ಬೆಳೆದು, ಆಗ ಮದರಾಸಿನ ಗವರ್ನರನಾಗಿದ್ದ ಮನ್ರೋನೇ 1823ರಲ್ಲಿ ಆ ಹುದ್ದೆಯನ್ನು ರದ್ದುಗೊಳಿಸಿದನು. ಕಾಡಿನಿಂದ ಒಂದೇ ಜಾತಿಯ, ಅದರಲ್ಲಿಯೂ ಅತ್ಯುತ್ತಮವಾದ ಮರವನ್ನು ದೂರದ ಪೇಟೆಗಾಗಿ ಆಯ್ದು ತೆಗೆಯುವ ಪದ್ಧತಿಗೆ ಈ ನಾಡಿನಲ್ಲಿ ಬಿದ್ದ ತಳಹದಿ ಇದೇ ಎನ್ನಬಹುದು.

1856ರಲ್ಲಿ ಮದರಾಸು ಪ್ರಾಂತದಲ್ಲಿ ಅರಣ್ಯ ಇಲಾಖೆ ಸ್ಥಾಪಿತವಾಯಿತು; ಹ್ಯೂ ಕ್ಲೆಗ್‌ಹಾರ್ನ್ ಅದರ ಮುಖ್ಯಸ್ಥನಾದನು. ಈತ ಹಿಂದೆ ಶಿವಮೊಗ್ಗದ ಕಡೆ ವೈದ್ಯನಾಗಿದ್ದು ಕಾಡಿನ ನಾಶವನ್ನು ಕಣ್ಣಾರೆ ಕಂಡಿದ್ದವನು. ಅವನ ಕಳವಳ ಪ್ರಾಮಾಣಿಕವಾದುದೇ. 1860ರಲ್ಲಿ ಕುಮರಿಯ ಮೇಲೆ ನಿಷೇಧ ಬಂತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿ, ನಮ್ಮ ದಕ್ಷಿಣ ಕೆನರಾ ಮದರಾಸಿನಲ್ಲಿಯೇ ಉಳಿಯಿತು. 1882ರ ಮದರಾಸು ಅರಣ್ಯ ಕಾಯಿದೆಯಿಂದ ಘಟ್ಟದ ಕಾಡುಗಳು ಮೀಸಲು ಅರಣ್ಯಗಳಾಗುತ್ತ ಹೋದವು. ಮಲೆಕುಡಿಯನ ಕತ್ತಿಯನ್ನು ಕಾನೂನು ಹೀಗೆ ತಡೆಯಿತು. ಆದರೆ ಅದೇ ಕಾಲದಲ್ಲಿ ರೈಲುದಾರಿಗೆ ಸ್ಲೀಪರುಗಳು ಬೇಕಾದವು. ಬೋಗಿ, ಜಂಬೆಗಳಂಥ ಗಟ್ಟಿಮರಗಳಿಗೆ ಬೇಡಿಕೆ ಏರಿತು. 1907ರಲ್ಲಿ ರೈಲು ಮಂಗಳೂರಿಗೇ ಬಂದು ನಿಂತಿತು. ಇತ್ತ 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ ಹಂಚಿನ ಕುಲುಮೆಗಳು ಸಾಲಾಗಿ ಎದ್ದವು. ನಾಟಾ ಆಗದ ಮರ ಸೌದೆಯಾಗಿ ಹೊಳೆಯ ಕೆಳಗೆ ಇಳಿಯಿತು.

ಬಡವನ ಕುಮರಿ ನಿಂತು, ಸರ್ಕಾರದ ಕೊಡಲಿ ಆರಂಭವಾದುದನ್ನು ಗಮನಿಸಬೇಕು. ಮೊದಲನೆಯದು ಹೊಟ್ಟೆಗಾಗಿ ಕಾಡಿನ ಒಂದು ತುಂಡನ್ನು ಕೆಡಿಸುತ್ತಿತ್ತು. ಎರಡನೆಯದು ಪೇಟೆಗಾಗಿ ಇಡೀ ಕಾಡಿನಿಂದ ಒಳ್ಳೆಯದನ್ನು ಹೆಕ್ಕತೊಡಗಿತು.

ಆಯ್ಕೆ ಕಡಿತವೆಂಬ ಶಾಸ್ತ್ರ

ಈ ಹೆಕ್ಕುವ ಕ್ರಮಕ್ಕೆ ಶಾಸ್ತ್ರದ ರೂಪ ಕೊಟ್ಟವರು ಜರ್ಮನಿಯ ಪರಂಪರೆಯಲ್ಲಿ ಕಲಿತ ಅರಣ್ಯ ತಜ್ಞರು. ಡೀಟ್ರಿಕ್ ಬ್ರಾಂಡಿಸ್ 1856ರಿಂದ ಬರ್ಮಾದ ಪೆಗು ಪ್ರಾಂತದಲ್ಲಿ ತೇಗದ ಮರಗಳನ್ನು ಸುತ್ತಳತೆಯ ಪ್ರಕಾರ ಎಣಿಸಿ, ನಿಗದಿಯಾದ ಸುತ್ತಳತೆ ಮೀರಿದವನ್ನಷ್ಟೇ ಕಡಿಯುವ ಪದ್ಧತಿಯನ್ನು ರೂಪಿಸಿದನು. ಕಾಡನ್ನು ಬೋಳಿಸದೆ, ಬಲಿತ ಮರಗಳನ್ನು ಮಾತ್ರ ಆಯ್ದು, ಕೆಲವು ದಶಕ ಬಿಟ್ಟು ಮತ್ತೆ ಅಲ್ಲಿಗೇ ಬರುವುದು ಇದರ ತತ್ತ್ವ. ಬಡ್ಡಿಯನ್ನು ಉಣ್ಣು, ಅಸಲನ್ನು ಮುಟ್ಟಬೇಡ ಎಂಬ ವಿವೇಕ ಇದರಲ್ಲಿ ಇದ್ದುದನ್ನು ನಾವು ಅಲ್ಲಗಳೆಯುವುದಿಲ್ಲ. ಕಾಡನ್ನು ಬುಡಸಹಿತ ಸವರಿ ಒಂದೇ ಜಾತಿಯ ತೋಪು ಹಾಕುವುದಕ್ಕಿಂತ ಇದು ಎಷ್ಟೋ ಮೇಲು.

ಆದರೆ ಬಿಸಿಲನ್ನು ಬಯಸುವ, ಎಲೆಯುದುರಿಸುವ ಕಾಡಿನ ತೇಗಕ್ಕೆ ಹೊಂದಿದ ಪದ್ಧತಿಯನ್ನು ನೆರಳಿನಲ್ಲಿ ಬೆಳೆಯುವ ನಿತ್ಯಹರಿದ್ವರ್ಣದ ಕಾಡಿಗೂ ತಂದಾಗ ಲೆಕ್ಕ ತಪ್ಪಿತು. ಎರಡನೆಯ ಮಹಾಯುದ್ಧದ ಬೇಡಿಕೆ, ಆಮೇಲೆ ಪ್ಲೈವುಡ್, ಬೆಂಕಿಕಡ್ಡಿ, ಸ್ಲೀಪರುಗಳ ಬೇಡಿಕೆಗಳು ಘಟ್ಟದ ಒಳಗಾಡಿನವರೆಗೂ ಲಾರಿದಾರಿಯನ್ನು ಕೊಂಡೊಯ್ದವು. ಹಿಂದೆ ಮೆದುಮರವೆಂದು ಬಿಟ್ಟಿದ್ದ ಧೂಪವೂ ಪ್ಲೈವುಡ್ಡಿನ ಕಾಲದಲ್ಲಿ ಬೆಲೆ ಪಡೆಯಿತು.

ಲೆಕ್ಕ ಎಲ್ಲಿ ತಪ್ಪಿತು ಎಂಬುದನ್ನು ಓದುಗರು ತಾವೇ ಗುಣಿಸಿ ನೋಡಬಹುದು. ನೆರಳಿನ ಕಾಡಿನಲ್ಲಿ ಮರದ ವ್ಯಾಸ ವರ್ಷಕ್ಕೆ ಕೆಲವೇ ಮಿಲಿಮೀಟರು ಹೆಚ್ಚುತ್ತದೆ. ಉದಾಹರಣೆಗೆ 4 ಮಿ.ಮೀ. ಎಂದು ಹಿಡಿಯೋಣ. 60 ಸೆಂ.ಮೀ. ವ್ಯಾಸದ ಮರವಾಗಲು 150 ವರ್ಷ ಬೇಕು. 30 ವರ್ಷ ಬಿಟ್ಟು ಮತ್ತೆ ಕಡಿಯಲು ಬಂದರೆ ಆ ಅವಧಿಯಲ್ಲಿ ಬೆಳೆದುದು 12 ಸೆಂ.ಮೀ. ಮಾತ್ರ. ಮೊದಲ ಸಲ ತಾತನನ್ನು ಕಡಿದವರು ಎರಡನೆಯ ಸಲ ತಂದೆಯನ್ನು, ಮೂರನೆಯ ಸಲ ಮಗನನ್ನು ಕಡಿಯುತ್ತಾರೆ. ಮೊದಲ ಕಡಿತದ ವರ್ಷ ಮೊಳೆತ ಸಸಿ ಆ ಅಳತೆಗೆ ಬರುವಷ್ಟರಲ್ಲಿ ಕೊಡಲಿ ಐದು ಸಲ ಬಂದು ಹೋಗಿರುತ್ತದೆ.

ಕಾಡಿನ ದೇಹಕ್ಕೆ ಆದ ಹಾನಿ

ಒಕ್ಕಲಿಗನೂ ಆಯ್ಕೆ ಮಾಡುತ್ತಾನೆ. ಸುಗ್ಗಿಯ ಕಣದಲ್ಲಿ ತುಂಬಿದ, ರೋಗವಿಲ್ಲದ, ಗಟ್ಟಿಯಾದ ತೆನೆಯನ್ನು ಆಯ್ದು ಮುಂದಿನ ಬಿತ್ತನೆಗೆ ಎತ್ತಿಡುತ್ತಾನೆ, ಉಳಿದುದನ್ನು ಉಣ್ಣುತ್ತಾನೆ. ಕಾಡಿನ ಆಯ್ಕೆ ಇದಕ್ಕೆ ತಲೆಕೆಳಗು. ನೇರವಾದ, ಎತ್ತರವಾದ, ಪೊಟರೆಯಿಲ್ಲದ ಮರಕ್ಕೆ ಸುತ್ತಿಗೆಯ ಗುರುತು ಬಿತ್ತು. ಡೊಂಕು, ರೋಗಿ, ಕುಬ್ಜ ಮರಗಳು ಬೀಜಕ್ಕೆ ಉಳಿದವು. ಬಿತ್ತನೆಯ ಭತ್ತವನ್ನು ಕುಟ್ಟಿ ಉಂಡ ಮನೆಗೆ ಆ ವರ್ಷ ಹಸಿವಿಲ್ಲ; ಮುಂದಿನ ವರ್ಷ ಗದ್ದೆಯಿಲ್ಲ.

ಧೂಪದ ಮರವನ್ನೇ ನೋಡಿರಿ. ಅದರ ಬೀಜ ದೊಡ್ಡದು, ಭಾರವಾದುದು. ಮಳೆಗಾಲದ ಹೊತ್ತಿಗೆ ತಾಯಿಮರದ ಬುಡದಲ್ಲಿಯೇ ಉದುರುತ್ತದೆ. ಹುಣಿಸೆಯ ಬೀಜದಂತೆ ವರ್ಷಗಟ್ಟಲೆ ಇಟ್ಟು ಬಿತ್ತಲು ಬಾರದು. ಕೆಲವೇ ವಾರಗಳಲ್ಲಿ ಮೊಳೆಯಬೇಕು, ಇಲ್ಲವಾದರೆ ಅದರ ಜೀವ ಹೋಯಿತು. ಅಂಥ ತಾಯಿಮರ ಹೋದೆಡೆಯಲ್ಲಿ ನೆಲದೊಳಗೆ ಕಾದುಕುಳಿತ ಬೀಜವಿಲ್ಲ; ದೂರದಿಂದ ಹಾರಿಬರುವ ಬೀಜವೂ ಇಲ್ಲ.

ಒಂದು ಮರ ಉರುಳಿದರೆ ಒಂದೇ ಹೋಯಿತೆಂಬ ಲೆಕ್ಕ ದಫ್ತರದ್ದು. ಕಾಡಿನಲ್ಲಿ ಮರಗಳನ್ನು ಬಳ್ಳಿಗಳು ತಲೆಯಲ್ಲಿ ಹೆಣೆದಿರುತ್ತವೆ. ದೊಡ್ಡ ಮರ ಬೀಳುವಾಗ ಪಕ್ಕದವುಗಳ ಕೊಂಬೆ ಮುರಿಯುತ್ತದೆ, ತೊಗಟೆ ಸುಲಿಯುತ್ತದೆ, ಕೆಳಗಿನ ಎಳೆಯ ಸಸಿಗಳು ನೆಲಸಮವಾಗುತ್ತವೆ. ದಿಮ್ಮಿಯನ್ನು ಎಳೆದ ದಾರಿಯ ಮಣ್ಣು ಗಟ್ಟಿಯಾಗಿ, ಮಳೆನೀರು ಇಂಗದೆ ಕೊರಕಲಾಗಿ ಹರಿಯುತ್ತದೆ. ತೆರವಿನಲ್ಲಿ ಬಿಸಿಲು ಬಿದ್ದೊಡನೆ ಉಪ್ಪಳಿಗೆಯಂಥ ಮೆದುಮರಗಳೂ, ಇಪ್ಪತ್ತನೆಯ ಶತಮಾನದಲ್ಲಿ ಹಬ್ಬಿದ ಯುಪಟೋರಿಯಂ ಎಂಬ ಪರದೇಶಿ ಕಳೆಯೂ ಮೇಲೇಳುತ್ತವೆ. ದೂರದಿಂದ ನೋಡುವವನಿಗೆ ಹಸುರು ಹಾಗೆಯೇ ಇದೆ. ಈ ಹಸುರಿನ ಕೆಳಗೆ ಬೇಸಗೆಯಲ್ಲಿ ಒಣಗಿದ ಕಳೆಯಿದ್ದು, ಬೆಂಕಿ ಕಾಲಿಡಲು ದಾರಿಯಾಗುತ್ತದೆ.

ಪೊಟರೆಯಿರುವ ಮುದಿಮರ ನಾಟಾಕ್ಕೆ ಬಾರದಿದ್ದರೂ ಮಂಗಟ್ಟೆ ಹಕ್ಕಿಗೆ ಅದೇ ಬಾಣಂತಿಕೋಣೆ. ಹೆಣ್ಣು ಪೊಟರೆಯೊಳಗೆ ಕುಳಿತು ಬಾಯಿಯನ್ನು ಮುಚ್ಚಿಕೊಂಡರೆ, ಗಂಡು ಸಣ್ಣ ಕಂಡಿಯಿಂದ ಹಣ್ಣು ತಂದು ಉಣಿಸುತ್ತದೆ. ರಾಮಪತ್ರೆಯಂಥ ಮರಗಳ ಬೀಜವನ್ನು ದೂರ ಒಯ್ದು ಬಿತ್ತುವುದೂ ಈ ಹಕ್ಕಿಯೇ. ನೆಲಕ್ಕಿಳಿಯದೆ ಮರದಿಂದ ಮರಕ್ಕೆ ಸಾಗುವ ಸಿಂಗಳೀಕಕ್ಕೆ ಕಾಡಿನ ಚಪ್ಪರ ಹರಿದರೆ ಬದುಕಿನ ದಾರಿಯೇ ಹರಿದಂತೆ. ಮರ ಹೋದರೆ ಹಕ್ಕಿ, ಹಕ್ಕಿ ಹೋದರೆ ಮತ್ತೊಂದು ಮರ: ಹೀಗೆ ಕಾಡಿನ ಸೊರಗು ಒಳಗೊಳಗೇ ನಡೆಯುತ್ತದೆ. ಹೀಗೆ ತೆಳುವಾದ ಕಾಡಿಗೆ ಅವನತ ಅರಣ್ಯವೆಂಬ ಹೆಸರು ಬಂದರೆ, ಅದನ್ನು ಸವರಿ ಗೇರು, ರಬ್ಬರು, ಅಕೇಶಿಯಗಳ ತೋಪು ಮಾಡಲು ಅದೇ ಹೆಸರು ಸಮರ್ಥನೆಯಾಗುತ್ತದೆ.

ಸುಬ್ರಹ್ಮಣ್ಯಕ್ಕೆ ಸಮೀಪದ, ಕೊಡಗಿನ ಕಡಮಕಲ್ಲು ಮೀಸಲು ಅರಣ್ಯದ ಉಪ್ಪಂಗಳದಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆಯವರು 1990ರ ಸುಮಾರಿನಿಂದ, ಕಡಿಯದ ಕಾಡನ್ನೂ ಆಯ್ದು ಕಡಿದ ಕಾಡನ್ನೂ ತಾಕುಗಳಾಗಿ ಗುರುತಿಸಿ ಒಂದೊಂದೇ ಮರವನ್ನು ಅಳೆಯುತ್ತ ಬಂದಿದ್ದಾರೆ. ಧೂಪವು ಅಲ್ಲಿಯ ಪ್ರಮುಖ ಮರಗಳಲ್ಲೊಂದು. ಕಡಿಯಲು ಒಂದು ಗಳಿಗೆ ಸಾಕು. ಕಡಿದುದರ ಪರಿಣಾಮವನ್ನು ಅರಿಯಲು ದಶಕಗಳ ತಪಸ್ಸು ಬೇಕೆಂಬುದಕ್ಕೆ ಇದು ಸಾಕ್ಷಿ.

ಸಲ್ಕಣಿಯ ಪಾಠ

ಈ ಸತ್ಯವನ್ನು ವಿಜ್ಞಾನಿಗಳಿಗಿಂತ ಮೊದಲೇ ಕನ್ನಡ ನಾಡಿನ ಹಳ್ಳಿಗರು ಹೇಳಿದ್ದರು. ಉತ್ತರ ಕನ್ನಡದ ಶಿರಸಿ ತಾಲೂಕಿನ ಸಲ್ಕಣಿಯ ಸಮೀಪದ ಕಳಾಸೆ ಕಾಡಿನಲ್ಲಿ 1983ರಲ್ಲಿ ಆಯ್ಕೆ ಕಡಿತ ನಡೆದಿತ್ತು. ಅದೇ ವರ್ಷದ ಸೆಪ್ಟೆಂಬರ್ 8ರಂದು ಸುತ್ತಲಿನ ಗಂಡಸರು, ಹೆಂಗಸರು, ಮಕ್ಕಳು ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಹುಟ್ಟಿದುದು ಹೀಗೆ. ಗುರುತು ಹಾಕಿದವನ್ನಷ್ಟೇ ಶಾಸ್ತ್ರೀಯವಾಗಿ ಕಡಿಯಲಾಗುತ್ತಿದೆಯೆಂಬ ವಾದಕ್ಕೆ ಹಳ್ಳಿಗರು ಕೊಟ್ಟ ಉತ್ತರ ಸರಳವಾದುದು: ಗುರುತಿಲ್ಲದೆ ಮುರಿದುಬಿದ್ದ ಮರಗಳನ್ನು ಬಂದು ಎಣಿಸಿರಿ. ಪಾಂಡುರಂಗ ಹೆಗಡೆಯವರು ಈ ಚಳವಳಿಯ ಮುಂದಾಳುಗಳಲ್ಲಿ ಒಬ್ಬರು. ಉಳಿಸು, ಬೆಳೆಸು, ಬಳಸು ಎಂಬುದು ಅವರ ಘೋಷವಾಯಿತು. ಬಳಸಬೇಡ ಎಂದು ಅವರು ಹೇಳಲಿಲ್ಲ. ಬಳಕೆಗೆ ಮೂರನೆಯ ಸ್ಥಾನ ಕೊಟ್ಟರು.

ಕಾನೂನೂ ನಿಧಾನವಾಗಿ ಅದೇ ದಾರಿಗೆ ಬಂದಿತು. 1980ರ ಅರಣ್ಯ ಸಂರಕ್ಷಣಾ ಕಾಯಿದೆ, 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆ, ಕಾಡನ್ನು ಆದಾಯದ ಮೂಲವೆಂದಲ್ಲದೆ ಜೀವಾಧಾರವೆಂದು ಬಗೆದ 1988ರ ರಾಷ್ಟ್ರೀಯ ಅರಣ್ಯ ನೀತಿ ಒಂದರ ಹಿಂದೊಂದು ಬಂದವು. 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯವು ಅನುಮೋದಿತ ಕಾರ್ಯಯೋಜನೆಯಿಲ್ಲದೆ ಯಾವ ಕಾಡಿನಲ್ಲಿಯೂ ಮರ ಕಡಿಯಬಾರದೆಂದು ಆದೇಶಿಸಿತು. ಕಡಿತ ನಿಂತ ಮಾತ್ರಕ್ಕೆ ಕಾಡು ಮರಳಿತೆಂದಲ್ಲ. 150 ವರ್ಷದ ಮರಕ್ಕೆ 150 ವರ್ಷವೇ ಬೇಕು.

ನೀರಿನ ಮಾತು

ಬಂಟ್ವಾಳದ ಹಿರಿಯರು ನೆರೆಯ ಲೆಕ್ಕವನ್ನು 1923, 1974 ಎಂದು ಹೇಳುತ್ತಾರೆ. 1923ರ ಮಹಾಪೂರ ಪೇಟೆಯನ್ನೇ ಕೆಡವಿತು. ಆಗ ಘಟ್ಟದ ಕಾಡು ಇಂದಿಗಿಂತ ದಟ್ಟವಾಗಿತ್ತಲ್ಲವೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದುದು. ಅತಿವೃಷ್ಟಿಯನ್ನು ಯಾವ ಕಾಡೂ ತಡೆಯಲಾರದು. 2019ರ ಆಗಸ್ಟ್ 9ರಂದು ಬೆಳ್ತಂಗಡಿ ತಾಲೂಕಿನಲ್ಲಿ ಗುಡ್ಡ ಕುಸಿದು ಮೃತ್ಯುಂಜಯ ಹೊಳೆಯಲ್ಲಿ ಬುಡಸಹಿತ ಮರಗಳು ತೇಲಿಬಂದಾಗಲೂ ಕಾರಣ ಒಂದೇ ಆಗಿರಲಿಲ್ಲ. ಚರಿತ್ರೆ ಬರೆಯುವವನು ತನ್ನ ವಾದಕ್ಕಾಗಿ ನೆರೆಯನ್ನು ಸಾಕ್ಷಿಗೆ ಎಳೆಯಬಾರದು.

ಕಾಡಿನ ಉಪಕಾರ ಕಾಣುವುದು ನೆರೆಯಲ್ಲಿ ಅಲ್ಲ, ಬೇಸಗೆಯಲ್ಲಿ. ಎಲೆಗೊಬ್ಬರ ತುಂಬಿದ ಮೆತ್ತನೆಯ ನೆಲ ಮಳೆಯನ್ನು ಒಳಗೆ ಬಿಡುತ್ತದೆ. ತೊರೆಗಳ ಮೂಲಕ ತಿಂಗಳುಗಟ್ಟಲೆ ಹೊರಗೆ ಬಿಡುತ್ತದೆ. ಬಂಟ್ವಾಳ ತಾಲೂಕಿನ ತುಂಬೆಯ ಅಣೆಕಟ್ಟಿನಿಂದ ಮಂಗಳೂರು ನಗರ ನೀರು ಕುಡಿಯುತ್ತದೆ. 2016 ಮತ್ತು 2019ರ ಬೇಸಗೆಗಳಲ್ಲಿ ಆ ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಮಳೆಗಾಲದಲ್ಲಿ ಸಮುದ್ರದಂತಿರುವ ಹೊಳೆಯ ನಾಡಿಗೆ ಏಪ್ರಿಲಿನಲ್ಲಿ ಈ ಸ್ಥಿತಿ ಬಂದಿತೆಂದಾಗ, ಘಟ್ಟದ ಮಣ್ಣಿನ ಆರೋಗ್ಯ ನಗರವಾಸಿಯ ಮನೆಯ ವಿಷಯವೂ ಆಗುತ್ತದೆ.

ನಮ್ಮ ಆಯ್ಕೆ

ಕೊನೆಯದಾಗಿ ನಮ್ಮದೇ ತಪ್ಪೊಂದನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ಮಠದ ಮಹಾದ್ವಾರವನ್ನು ಹೊಸದಾಗಿ ಮಾಡಿಸುವಾಗ ಭಕ್ತರೊಬ್ಬರು ತಮ್ಮ ಜಮೀನಿನ ಹೆಬ್ಬಲಸನ್ನು ಅರ್ಪಿಸಲು ಮುಂದಾದರು. ಎರಡು ಮರಗಳಿದ್ದವು, ಯಾವುದು ಆಗಬಹುದೆಂದು ಕೇಳಿದರು. ದೇವರ ಕಾರ್ಯಕ್ಕೆ ಶ್ರೇಷ್ಠವಾದುದೇ ಇರಲೆಂದು ನಾವು ದೊಡ್ಡದನ್ನು ತೋರಿಸಿದೆವು. ಬಾಗಿಲು ಸುಂದರವಾಗಿಯೇ ಬಂದಿದೆ. ಮರುವರ್ಷ ಅತ್ತ ಹೋದಾಗ ಆ ಭಕ್ತರ ತಾಯಿ, ಹಣ್ಣಿನ ಕಾಲಕ್ಕೆ ಬರುತ್ತಿದ್ದ ಹಕ್ಕಿಗಳು ಈ ಸಲ ಬರಲಿಲ್ಲ ಬುದ್ಧೀ ಎಂದರು. ಅದು ದೂರಾಗಿರಲಿಲ್ಲ, ಸುದ್ದಿಯಾಗಿತ್ತು. ಆದರೂ ಆ ಬಾಗಿಲನ್ನು ದಾಟುವಾಗ ಆ ಮಾತು ನೆನಪಾಗದೆ ಇರುವುದಿಲ್ಲ. ಉಳಿದ ಚಿಕ್ಕ ಮರ ಡೊಂಕಾದುದು; ಕಾಯಿ ಬಿಡುವುದು ಅಪರೂಪ.

ಕಂಪನಿಯವರನ್ನೂ ಗುತ್ತಿಗೆದಾರರನ್ನೂ ದೂರುವುದು ಸುಲಭ. ಧ್ವಜಸ್ತಂಭಕ್ಕೆ, ತೇರಿಗೆ, ದ್ವಾರಕ್ಕೆ ಎಂದು ಸೀಮೆಯಲ್ಲಿಯೇ ಎತ್ತರವಾದ ಮರವನ್ನು ಹುಡುಕಿ, ವಾದ್ಯದೊಡನೆ ಮೆರವಣಿಗೆಯಲ್ಲಿ ತರುವ ಧಾರ್ಮಿಕರಾದ ನಾವೂ ಅದೇ ಆಯ್ಕೆಯನ್ನು ಮಾಡುತ್ತಿದ್ದೇವೆ. ಕೊಡಲಿಗೆ ಭಕ್ತಿ ಬೆರೆತರೂ ಬೀಜ ಹೋಗುವುದು ತಪ್ಪದು. ಶ್ರೇಷ್ಠವಾದುದನ್ನು ಶಿವನಿಗೆ ಅರ್ಪಿಸಬೇಕೆಂಬುದು ಸರಿ. ಆದರೆ ನಿಂತ ಮರ ಶಿವನಿಗೆ ಅರ್ಪಿತವಲ್ಲವೆಂದು ಯಾರು ಹೇಳಿದರು? ಜಂಗಮ ಸ್ವರೂಪವಾದ ಜೀವಕೋಟಿಗೆ ಹಣ್ಣು, ನೆರಳು, ನೀರುಗಳನ್ನು ಅದು ದಿನವೂ ನೀಡುತ್ತಿದೆ. ದಾಸೋಹವೆಂದರೆ ಇದಲ್ಲದೆ ಬೇರೆ ಯಾವುದು?

ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರನ ಸನ್ನಿಧಿಯಿದೆ. ಎದುರಿಗೆ ಹರಿಯುವ ಕಪಿಲಾ ಹೊಳೆಯಲ್ಲಿ ದೇವರ ಮೀನುಗಳು ತುಂಬಿವೆ. ಭಕ್ತರು ಅವಕ್ಕೆ ಆಹಾರ ಹಾಕುತ್ತಾರೆ, ಹಿಡಿಯುವುದಿಲ್ಲ. ಹಿರಿಯ ಮೀನು ಅಲ್ಲಿ ನಿರ್ಭಯವಾಗಿದೆ. ಮೀನಿಗೆ ತೋರಿದ ಈ ಗೌರವವನ್ನು ಮರಕ್ಕೂ ತೋರಲು ಹೊಸ ಶಾಸ್ತ್ರವೇನೂ ಬೇಕಿಲ್ಲ. ಪ್ರತಿ ಊರಿನಲ್ಲಿ, ಪ್ರತಿ ಭಕ್ತನ ಕುಮ್ಕಿಯಲ್ಲಿ, ಪ್ರತಿ ಜಾತಿಯ ಅತ್ಯುತ್ತಮವಾದ ಒಂದು ಮರವನ್ನು ಆಯ್ದು ಗುರುತಿಸಿರಿ. ಇದು ಕಡಿಯಲು ಅಲ್ಲ, ಬೀಜಕ್ಕೆ ಎಂದು ಮಕ್ಕಳಿಗೆ ತೋರಿಸಿಡಿರಿ. ಅದರ ಬುಡದ ಸಸಿಗಳನ್ನು ಮಳೆಗಾಲದಲ್ಲಿ ಕಿತ್ತು ಬೇರೆಡೆ ನೆಡಿರಿ. ಮಠದ ಹಳೆಯ ವಿದ್ಯಾರ್ಥಿಗಳು ಊರಿಗೊಬ್ಬರಂತೆ ಈ ಕಾಯಕವನ್ನು ಕೈಗೊಂಡರೆ, ಒಂದೂವರೆ ಶತಮಾನ ತಪ್ಪು ದಾರಿಯಲ್ಲಿ ನಡೆದ ಆಯ್ಕೆ ಒಕ್ಕಲಿಗನ ಕಣಕ್ಕೆ ಮರಳಿ ಬಂದೀತು. ನಮ್ಮ ಮಠದ ಹಿತ್ತಿಲಿನಲ್ಲಿ ಆ ಡೊಂಕು ಹೆಬ್ಬಲಸಿನದಲ್ಲ, ದೂರದ ಒಳ್ಳೆಯ ಮರವೊಂದರ ಏಳು ಸಸಿಗಳನ್ನು ಕಳೆದ ಆಷಾಢದಲ್ಲಿ ನೆಟ್ಟಿದ್ದೇವೆ. ಐದು ಬದುಕಿವೆ.